ಸದ್ದನ್ನು ಹುಟ್ಟಲು ಬಿಡದ ಕಾರು: ಲೆಕ್ಸಸ್ ಎಲ್‌ಎಸ್ 400 ಮತ್ತು ನನ್ನ ಗ್ಯಾರೇಜ್

ಹಳೆಯ ಕಾರು ಕೊಳ್ಳುವಾಗ ಬಹಳಷ್ಟು ಜನ ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಎಷ್ಟು ಓಡಿದೆ ಎಂದು ನೋಡುತ್ತಾರೆ. ನಾನು ಮೊದಲು ಕೇಳಿದ್ದು ರಿಪೇರಿ ಬಿಲ್ಲುಗಳ ಕಡತವನ್ನು. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ನಿವೃತ್ತ ದಂತವೈದ್ಯರೊಬ್ಬರು ಹೊಸದರಲ್ಲೇ ಕೊಂಡು, ಅಲ್ಲಿಯವರೆಗೂ ತಾವೇ ಓಡಿಸಿಕೊಂಡಿದ್ದ 1991ರ ಲೆಕ್ಸಸ್ ಎಲ್‌ಎಸ್ 400 ಅದು. ಲೆಕ್ಸಸ್ ಎಂದರೆ ಟೊಯೋಟಾ ತನ್ನ ಐಷಾರಾಮಿ ಕಾರುಗಳಿಗೆ ಇಟ್ಟ ಹೆಸರು. ಎರಡು ಲಕ್ಷ ಮೈಲಿ ದಾಟಿತ್ತು. ಬಾನೆಟ್ ಮೇಲಿನ ಬಣ್ಣ ಬಿಸಿಲಿಗೆ ಮಂಕಾಗಿತ್ತು. ಆದರೆ ಎಂಜಿನ್ ಆಯಿಲ್ ಬದಲಿಸಿದ ಚೀಟಿಗಳೆಲ್ಲ ತಾರೀಕಿನ ಪ್ರಕಾರ ಜೋಡಿಸಿದ್ದವು, ಒಂದು ವರ್ಷವೂ ತಪ್ಪಿರಲಿಲ್ಲ. ಆ ಕಡತ ಮುಚ್ಚಿಟ್ಟವನೇ ಬೆಲೆಯ ಮಾತಿಗೆ ಕೂತೆ.

ನಾನು ವೃತ್ತಿಯಲ್ಲಿ ಕಾರು ಮೆಕ್ಯಾನಿಕ್ ಅಲ್ಲ. ಹಾಸನದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ, ಇಲ್ಲಿ ನೀರೆತ್ತುವ ದೊಡ್ಡ ಪಂಪುಗಳ ವಿನ್ಯಾಸದ ಕೆಲಸ ಮಾಡುತ್ತೇನೆ. ತಿರುಗುವ ಯಂತ್ರ ಯಾಕೆ ಅದುರುತ್ತದೆ, ಯಾಕೆ ಸದ್ದು ಮಾಡುತ್ತದೆ ಎಂಬುದೇ ನನ್ನ ದಿನನಿತ್ಯದ ಹೆಣಗಾಟ. ಈ ಕಾರು ನನ್ನನ್ನು ಹಿಡಿದಿಟ್ಟಿರುವುದೂ ಅದೇ ಕಾರಣಕ್ಕೆ. ಚರ್ಮದ ಸೀಟು, ಮರದ ಹಲಗೆ ಎಷ್ಟೋ ಕಾರುಗಳಲ್ಲಿ ಇವೆ. ಸದ್ದನ್ನು ಹುಟ್ಟಿದ ಮೇಲೆ ಮುಚ್ಚುವ ಬದಲು ಹುಟ್ಟುವ ಜಾಗದಲ್ಲೇ ತಡೆಯಬೇಕೆಂದು ಹಟ ಹಿಡಿದು ಕಟ್ಟಿದ ಕಾರನ್ನು ನಾನು ನನ್ನ ಕೈಯಾರೆ ಬಿಚ್ಚಿ ನೋಡಿದ್ದು ಇದೊಂದನ್ನೇ.

ಹಿನ್ನೆಲೆ ಸ್ವಲ್ಪ ಹೇಳಬೇಕು. 1983ರಲ್ಲಿ ಟೊಯೋಟಾದ ಮುಖ್ಯಸ್ಥ ಐಜಿ ಟೊಯೋಡಾ ಜಗತ್ತಿನ ಅತ್ಯುತ್ತಮ ಕಾರುಗಳಿಗೆ ಸವಾಲು ಹಾಕುವಂಥದ್ದನ್ನು ಮಾಡಬಲ್ಲೆವೇ ಎಂದು ತಮ್ಮವರನ್ನು ಕೇಳಿದರು. ಗುಟ್ಟಾಗಿ ನಡೆದ ಆ ಯೋಜನೆಗೆ ಎಫ್1 ಎಂದು ಹೆಸರಿಟ್ಟರು. ಮುಖ್ಯ ಎಂಜಿನಿಯರ್ ಇಚಿರೊ ಸುಜುಕಿ. 1985ರಲ್ಲಿ ಒಂದು ತಂಡ ಕ್ಯಾಲಿಫೋರ್ನಿಯಾದ ಲಗೂನಾ ಬೀಚ್‌ನಲ್ಲಿ ಮನೆ ಮಾಡಿಕೊಂಡು, ಹಣವಂತ ಅಮೆರಿಕನ್ನರು ಕಾರನ್ನು ಹೇಗೆ ಬಳಸುತ್ತಾರೆ ಎಂದು ಹತ್ತಿರದಿಂದ ನೋಡಿತು. 1989ರ ಜನವರಿಯಲ್ಲಿ ಡೆಟ್ರಾಯಿಟ್ ಪ್ರದರ್ಶನದಲ್ಲಿ ಕಾರು ಹೊರಬಂತು. ಸೆಪ್ಟೆಂಬರಿನಲ್ಲಿ ಮಾರಾಟ ಶುರುವಾದಾಗ ಬೆಲೆ 35,000 ಡಾಲರ್, ಎದುರಾಳಿ ಜರ್ಮನ್ ಕಾರುಗಳಿಗಿಂತ ಬಹಳ ಕಡಿಮೆ. ಜಪಾನಿನಲ್ಲಿ ಇದೇ ಕಾರು ಟೊಯೋಟಾ ಸೆಲ್ಸಿಯರ್ ಎಂಬ ಹೆಸರಿನಲ್ಲಿ ಓಡಾಡಿತು. ಎರಡೂ ತಯಾರಾದದ್ದು ಐಚಿ ಪ್ರಾಂತ್ಯದ ತಹಾರಾ ಕಾರ್ಖಾನೆಯಲ್ಲಿ.

ಸುಜುಕಿ ತಮ್ಮ ತಂಡದ ಮುಂದಿಟ್ಟ ಬೇಡಿಕೆಗಳು ಒಂದಕ್ಕೊಂದು ಹೊಂದದಂಥವು. ಗಂಟೆಗೆ 250 ಕಿ.ಮೀ. ಮುಟ್ಟಬೇಕು, ಆದರೆ ಕಾರಿನೊಳಗೆ ನಿಶ್ಶಬ್ದವಿರಬೇಕು. ನಾಲ್ಕು ಲೀಟರ್‌ನ ವಿ8 (ಎಂಟು ಸಿಲಿಂಡರ್‌ಗಳು ಎರಡು ಸಾಲಿನಲ್ಲಿರುವ) ಎಂಜಿನ್ ಇರಬೇಕು, ಆದರೆ ಪೆಟ್ರೋಲ್ ಕುಡಿಯಬಾರದು. ಅಮೆರಿಕದಲ್ಲಿ ಗ್ಯಾಲನ್ನಿಗೆ 22.5 ಮೈಲಿಗಿಂತ ಕಡಿಮೆ ಕೊಡುವ ಕಾರಿಗೆ ಹೆಚ್ಚುವರಿ ತೆರಿಗೆ ಬೀಳುತ್ತಿತ್ತು, ಅದನ್ನೂ ತಪ್ಪಿಸಿಕೊಳ್ಳಬೇಕು. ಸದ್ದು ಅಡಗಿಸುವ ಸುಲಭದ ದಾರಿ ಎಂದರೆ ದಪ್ಪ ಹೊದಿಕೆ ಹಾಸುವುದು. ಹೊದಿಕೆ ಹಾಸಿದರೆ ತೂಕ ಏರುತ್ತದೆ, ತೂಕ ಏರಿದರೆ ಮೈಲೇಜ್ ಬೀಳುತ್ತದೆ. ಹೀಗೆ ಸುಲಭದ ದಾರಿ ಮುಚ್ಚಿಹೋಗಿ, ಮೂಲಕ್ಕೇ ಹೋಗಬೇಕಾಯಿತು. ಗಾಳಿಯ ಸದ್ದಿಗೂ ಇದೇ ಉಪಾಯ: ದೇಹದ ಆಕಾರವನ್ನು ತಿದ್ದಿ ತಿದ್ದಿ ಗಾಳಿಯ ಎಳೆತದ ಗುಣಾಂಕವನ್ನು 0.29ಕ್ಕೆ ಇಳಿಸಿದರು. ಅಂದಿನ ದೊಡ್ಡ ಕಾರಿಗೆ ಅದು ಅಸಾಧಾರಣ ಅಂಕಿ.

ಇದನ್ನೆಲ್ಲ ಓದಿ ತಿಳಿದುಕೊಂಡಿದ್ದೆ. ನಂಬಿಕೆ ಬಂದದ್ದು ಮಾತ್ರ ಎಂಜಿನ್ ಮೇಲಿನ ಮುಚ್ಚಳ ಬಿಚ್ಚಿದ ದಿನ. ಮುಚ್ಚಳದ ಅಂಚಿನ ಸೋರಿಕೆ ತಡೆಯುವ ಗ್ಯಾಸ್ಕೆಟ್ ಒಣಗಿ ಆಯಿಲ್ ಜಿನುಗುತ್ತಿತ್ತು, ಈ ವಯಸ್ಸಿನ ಎಲ್ಲ ಎಲ್‌ಎಸ್‌ಗಳಿಗೂ ಬರುವ ಕಾಯಿಲೆ. ಬೋಲ್ಟ್‌ಗಳನ್ನು ಸಡಿಲಿಸಿ ಮುಚ್ಚಳ ಎತ್ತಿದರೆ ಒಳಗೆ ಜೇನುಬಣ್ಣದ ತೆಳು ಲೇಪ ಬಿಟ್ಟರೆ ಎಲ್ಲೂ ಕಪ್ಪು ಕೆಸರಿಲ್ಲ. ಪಕ್ಕಪಕ್ಕದಲ್ಲಿ ಎರಡು ಕ್ಯಾಮ್‌ಶಾಫ್ಟ್‌ಗಳು, ಅಂದರೆ ಎಂಜಿನ್ನಿನ ವಾಲ್ವ್‌ಗಳನ್ನು ತೆರೆಯುವ, ಮುಚ್ಚುವ ದಂಡಗಳು. ಬೆಲ್ಟ್ ತಿರುಗಿಸುವುದು ಒಂದನ್ನು ಮಾತ್ರ. ಅದು ಇನ್ನೊಂದನ್ನು ಹಲ್ಲುಚಕ್ರದ ಮೂಲಕ ತಿರುಗಿಸುತ್ತದೆ.

ಎರಡು ಹಲ್ಲುಚಕ್ರಗಳು ಕೂಡುವಲ್ಲಿ ಕೂದಲೆಳೆಯಷ್ಟಾದರೂ ಸಂದು ಇರಲೇಬೇಕು, ಇಲ್ಲದಿದ್ದರೆ ಬಿಸಿಯಾದಾಗ ಕಚ್ಚಿಕೊಳ್ಳುತ್ತವೆ. ಸದ್ದು ಹುಟ್ಟುವುದು ಆ ಸಂದಿನಲ್ಲೇ. ವಾಲ್ವ್‌ಗಳ ಸ್ಪ್ರಿಂಗ್ ಕ್ಯಾಮನ್ನು ಒಮ್ಮೆ ತಡೆಯುತ್ತದೆ, ಮರುಕ್ಷಣ ಮುಂದಕ್ಕೆ ನೂಕುತ್ತದೆ. ಹಲ್ಲು ಹಲ್ಲಿಗೆ ಬಡಿಯುತ್ತದೆ. ಬೇರೆ ತಯಾರಕರಾಗಿದ್ದರೆ ಮುಚ್ಚಳವನ್ನು ದಪ್ಪ ಮಾಡಿ ಸುಮ್ಮನಾಗಬಹುದಿತ್ತು. ಇಲ್ಲಿ ಒಂದು ಚಕ್ರವನ್ನೇ ಅಡ್ಡಲಾಗಿ ಎರಡು ಬಿಲ್ಲೆಗಳನ್ನಾಗಿ ಮಾಡಿ, ನಡುವೆ ಸ್ಪ್ರಿಂಗ್ ಇಟ್ಟಿದ್ದಾರೆ. ಆ ಎರಡು ಬಿಲ್ಲೆಗಳು ಕತ್ತರಿಯ ಅಲಗುಗಳಂತೆ ವಿರುದ್ಧ ದಿಕ್ಕಿಗೆ ಸರಿದು, ಎದುರಿನ ಹಲ್ಲಿನ ಎರಡೂ ಬದಿಯನ್ನು ಸದಾ ಒತ್ತಿಕೊಂಡಿರುತ್ತವೆ. ಸಂದು ಇದ್ದಲ್ಲೇ ಇದೆ, ಬಡಿಯಲು ಮಾತ್ರ ಅವಕಾಶವಿಲ್ಲ. ಬೆರಳಿನಿಂದ ಆ ಹಲ್ಲುಗಳನ್ನು ಸವರಿದೆ. ಎರಡು ಲಕ್ಷ ಮೈಲಿ ಓಡಿದ ಮೇಲೂ ಉಗುರಿಗೆ ಸಿಗುವ ಸವೆತವಿರಲಿಲ್ಲ.

ಕೆಳಗೆ ಮಲಗಿ ನೋಡಿದರೂ ಇದೇ ಬುದ್ಧಿ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಚಕ್ರಗಳಿಗೆ ಹೋಗುವ ಉದ್ದನೆಯ ಶಾಫ್ಟ್, ಆ ಶಕ್ತಿಯನ್ನು ಎರಡು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ಇವೆಲ್ಲ ಒಂದೇ ನೇರದಲ್ಲಿ ಕೂತಿವೆ. ಬಹುತೇಕ ಕಾರುಗಳಲ್ಲಿ ಈ ಸಾಲು ಅಲ್ಲಲ್ಲಿ ಕೋನ ತಿರುಗುತ್ತದೆ, ಪ್ರತಿ ಕೋನವೂ ಒಂದಿಷ್ಟು ಕಂಪನ ಹುಟ್ಟಿಸುತ್ತದೆ. ಗೇರ್ ಬದಲಾಗುವ ಗಳಿಗೆಯಲ್ಲಿ ಕಂಪ್ಯೂಟರ್ ಎಂಜಿನ್ನಿನ ಕಿಡಿಯನ್ನು ಚೂರು ತಡ ಮಾಡಿ ಎಳೆತ ತಗ್ಗಿಸುತ್ತದೆ, ಹಾಗಾಗಿ ಗೇರ್ ಬದಲಾದದ್ದು ಕೂತವರಿಗೆ ತಿಳಿಯುವುದೇ ಇಲ್ಲ. ಓಡುತ್ತಿರುವ ಕಾರಿನ ಬಾನೆಟ್ ಮೇಲೆ ಷಾಂಪೇನ್ ಲೋಟಗಳ ಗೋಪುರ ಅಲುಗದೆ ನಿಂತ ಅಂದಿನ ಜಾಹೀರಾತು ಎಲ್ಲರಿಗೂ ನೆನಪಿದೆ. ಲೋಟ ಯಾಕೆ ಬೀಳಲಿಲ್ಲ ಎಂಬುದಕ್ಕೆ ಉತ್ತರ ಈ ಹಲ್ಲುಚಕ್ರದಲ್ಲಿ, ಈ ನೇರ ಸಾಲಿನಲ್ಲಿ ಇದೆ.

ಮನೆಯಲ್ಲೇ ಮಾಡಿಕೊಂಡ ಕೆಲಸಗಳಲ್ಲಿ ದೊಡ್ಡದು ಟೈಮಿಂಗ್ ಬೆಲ್ಟ್, ಕ್ಯಾಮ್‌ಶಾಫ್ಟನ್ನು ತಿರುಗಿಸುವ ಆ ಬೆಲ್ಟೇ. ಸುಮಾರು 90,000 ಮೈಲಿಗೊಮ್ಮೆ ಬದಲಿಸಬೇಕು. ಮುಂಭಾಗದ ಫ್ಯಾನ್, ಹೊರಬೆಲ್ಟ್, ಕಿಡಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಎರಡು ಡಿಸ್ಟ್ರಿಬ್ಯೂಟರ್‌ಗಳ ಮುಚ್ಚಳ ಎಲ್ಲವೂ ಹೊರಬರಬೇಕು. ಕ್ರ್ಯಾಂಕಿನ (ಎಂಜಿನ್ನಿನ ಮುಖ್ಯ ತಿರುಗುವ ದಂಡದ) ತುದಿಯ ದೊಡ್ಡ ಬೋಲ್ಟ್ ಬಿಚ್ಚುವುದೇ ಅರ್ಧ ಕೆಲಸ. ಮರಳಿ ಬಿಗಿಯುವಾಗ ಅದಕ್ಕೆ 245 ನ್ಯೂಟನ್ ಮೀಟರ್ ಬೇಕು. ಪುಲ್ಲಿ ತಿರುಗದಂತೆ ಹಿಡಿಯುವ ಸಾಧನವಿಲ್ಲದೆ ಇದಕ್ಕೆ ಕೈಹಾಕಬಾರದು. ಬೆಲ್ಟನ್ನು ಬಿಗಿ ಇಡುವ ಹೈಡ್ರಾಲಿಕ್ ಟೆನ್ಷನರ್ ಅನ್ನು ವೈಸ್‌ನಲ್ಲಿ ನಿಧಾನವಾಗಿ, ಬಹಳ ನಿಧಾನವಾಗಿ ಅದುಮಬೇಕು. ರಂಧ್ರಗಳು ಎದುರುಬದುರಾದಾಗ ತೆಳುವಾದ ಪಿನ್ ತೂರಿಸಿ ಹಾಗೇ ಕೂರಿಸಿ, ಬೆಲ್ಟ್ ಹಾಕಿ, ಗುರುತುಗಳು ಸರಿಯಿವೆಯೇ ನೋಡಿ, ಆಮೇಲೆ ಪಿನ್ ಎಳೆಯಬೇಕು. ಎಂಜಿನ್ನನ್ನು ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಿ ಗುರುತುಗಳನ್ನು ಮತ್ತೊಮ್ಮೆ ನೋಡದೆ ನಾನು ಚಾವಿ ಮುಟ್ಟುವುದಿಲ್ಲ. ವಾಟರ್ ಪಂಪನ್ನು ತಿರುಗಿಸುವುದೂ ಇದೇ ಬೆಲ್ಟ್, ಆದ್ದರಿಂದ ಪಂಪು, ಬೇರಿಂಗ್‌ಗಳನ್ನು ಜೊತೆಯಲ್ಲೇ ಬದಲಿಸಿಬಿಡುವುದು ಜಾಣತನ.

ಕಷ್ಟ ಕೊಟ್ಟದ್ದು ಬೆಲ್ಟ್ ಅಲ್ಲ, ಕಂಪ್ಯೂಟರ್. ಬೆಳಗಿನ ಚಳಿಯಲ್ಲಿ ಎಂಜಿನ್ನಿನ ವೇಗ ಏರಿಳಿಯತೊಡಗಿತು, ಗೇರ್ ಒಮ್ಮೊಮ್ಮೆ ಜಗ್ಗುತ್ತಿತ್ತು. ಕಂಪ್ಯೂಟರಿನೊಳಗೆ ವಿದ್ಯುತ್ ಹಿಡಿದಿಡುವ, ಒಳಗೆ ದ್ರವವಿರುವ ಆ ಕಾಲದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ವಯಸ್ಸಾದಂತೆ ಸೋರುತ್ತವೆ. ಪೆಟ್ಟಿಗೆ ತೆರೆದರೆ ಮೀನಿನ ವಾಸನೆ ಮೂಗಿಗೆ ಬಡಿಯಿತು, ಸೋರಿಕೆಯ ಖಚಿತ ಲಕ್ಷಣ ಅದು. ಹಲಗೆಯ ಮೇಲೆ ಕೆಪಾಸಿಟರ್ ಬುಡದಲ್ಲಿ ಕಂದು ಕಲೆ ಹರಡಿ ತಾಮ್ರದ ಗೆರೆಯೊಂದನ್ನು ತಿನ್ನತೊಡಗಿತ್ತು. ಹಳೆಯವನ್ನು ಬೆಸುಗೆ ಬಿಡಿಸಿ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆದು, 105 ಡಿಗ್ರಿ ತಾಳುವ ಹೊಸವನ್ನು ಧನ-ಋಣ ನೋಡಿಕೊಂಡು ಬೆಸೆದೆ. ಬಿಡಿಭಾಗದ ಖರ್ಚು ಒಂದು ಹೋಟೆಲ್ ಊಟದಷ್ಟೂ ಇಲ್ಲ. ಗೊತ್ತಿಲ್ಲದವರು ಗೇರ್‌ಬಾಕ್ಸೇ ಹೋಯಿತೆಂದು ಇಂಥ ಕಾರುಗಳನ್ನು ಗುಜರಿಗೆ ಕಳುಹಿಸುತ್ತಾರೆ. ನನಗೆ ಅದು ನಿಜಕ್ಕೂ ಸಂಕಟದ ವಿಷಯ.

ಮಿಕ್ಕ ಕಾಯಿಲೆಗಳು ಎಲ್ಲರಿಗೂ ಗೊತ್ತಿರುವಂಥವೇ. ಪವರ್ ಸ್ಟೇರಿಂಗ್ ಪಂಪಿನಿಂದ ಎಣ್ಣೆ ಸೋರಿ, ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಮೇಲೆ ಬೀಳುತ್ತದೆ, ಪಂಪು ಸರಿಪಡಿಸದೆ ಆಲ್ಟರ್ನೇಟರ್ ಬದಲಿಸಿದರೆ ಹೊಸದೂ ಸಾಯುತ್ತದೆ. ಸ್ಟಾರ್ಟರ್ ಮೋಟಾರ್ ವಿ8ರ ಎರಡು ಸಾಲುಗಳ ನಡುವಿನ ಕಣಿವೆಯಲ್ಲಿ, ಗಾಳಿ ಎಳೆಯುವ ಮ್ಯಾನಿಫೋಲ್ಡ್‌ನ ಕೆಳಗೆ ಅವಿತಿದೆ. ಅಲ್ಲಿಗೆ ಕೈ ತಲುಪಿಸಲು ತಾಳ್ಮೆ ಬೇಕು, ಆದರೆ ಕೆಟ್ಟಿರುವುದು ಸಾಮಾನ್ಯವಾಗಿ ಒಳಗಿನ ಎರಡು ತಾಮ್ರದ ತುಂಡುಗಳು ಮಾತ್ರ. ಮುಂದಿನ ಸಸ್ಪೆನ್ಷನ್ನಿನ ರಬ್ಬರ್ ಬುಷ್‌ಗಳು ಇಲ್ಲಿನ ಬಿಸಿಲಿಗೆ ಬಿರಿಯುತ್ತವೆ. ಹೊಸ ಬುಷ್ ಹಾಕಿದಾಗ ಬೋಲ್ಟನ್ನು ಜಾಕ್ ಮೇಲೆ ಬಿಗಿಯಬೇಡಿ. ಕಾರು ತನ್ನ ಭಾರ ಹೊತ್ತು ಚಕ್ರಗಳ ಮೇಲೆ ನಿಂತಾಗಲೇ ಬಿಗಿಯಿರಿ, ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಎರಡು ವರ್ಷಕ್ಕೊಮ್ಮೆ ಹೊಗೆ ಪರೀಕ್ಷೆ. ನಮ್ಮ ಭಾಗದಲ್ಲಿ ಇಷ್ಟು ಹಳೆಯ ಕಾರನ್ನು ರೋಲರ್ ಮೇಲೆ ಓಡಿಸಿ ಅಳೆಯುತ್ತಾರೆ. ಪಾಸೋ ಫೇಲೋ ಎಂದಷ್ಟೇ ನೋಡಿ ಆ ಚೀಟಿಯನ್ನು ಎಸೆಯಬಾರದು. ಹಿಂದಿನ ಬಾರಿಯ ಅಂಕಿಗಳ ಪಕ್ಕದಲ್ಲಿಟ್ಟು ನೋಡಿದರೆ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಸೋಲುತ್ತಿರುವುದು ಡ್ಯಾಶ್‌ಬೋರ್ಡಿನ ದೀಪ ಹತ್ತುವ ಮೊದಲೇ ಗೊತ್ತಾಗುತ್ತದೆ.

ಬೆಂಗಳೂರಿನಿಂದ ಬಂದಿದ್ದ ನನ್ನ ಭಾವಮೈದುನ ಕಾರಿನ ಸುತ್ತ ಒಮ್ಮೆ ಬಂದು, "ಭಾವ, ಇದರಲ್ಲಿ ಬ್ಲೂಟೂತ್ ಕೂಡ ಇಲ್ಲವಲ್ಲ. ಏನು ಕಂಡು ಕೊಂಡಿರಿ?" ಎಂದು ಕೇಳಿದ. ಮರುದಿನ ಅವನನ್ನೂ ಅತ್ತೆಯನ್ನೂ ಕೂರಿಸಿಕೊಂಡು 80ನೇ ಹೆದ್ದಾರಿ ಹಿಡಿದು ಸಿಯೆರಾ ಬೆಟ್ಟ ಹತ್ತಿ ಟಾಹೋ ಸರೋವರಕ್ಕೆ ಹೋದೆ. ಅತ್ತೆ ಹಿಂದಿನ ಸೀಟಿನಿಂದ ದಾರಿಯುದ್ದಕ್ಕೂ ಊರಿನ ಸುದ್ದಿ ಹೇಳಿದರು. ಏರಿನಲ್ಲಿ ಲಾರಿಗಳನ್ನು ಹಿಂದೆ ಹಾಕುವಾಗಲೂ ಅವರು ದನಿ ಎತ್ತಬೇಕಾಗಲಿಲ್ಲ. ಇಳಿಯುವಾಗ ಅವನು, "ಭಾವ, ವಾಪಸ್ ಬರುವಾಗ ನಾನು ಹಿಂದೆ ಕೂರುತ್ತೇನೆ" ಎಂದ.

ಇದರ ಮಿತಿಯನ್ನೂ ಹೇಳಬೇಕು. ಸ್ಟೇರಿಂಗ್ ಹಗುರ, ರಸ್ತೆಯ ಸುದ್ದಿ ಕೈಗೆ ಮುಟ್ಟುವುದಿಲ್ಲ. ತಿರುವುಗಳಲ್ಲಿ ಖುಷಿಪಡಲು ಬಯಸುವವರಿಗೆ ಅದೇ ಕಾಲದ ಬಿಎಂಡಬ್ಲ್ಯು ಹೆಚ್ಚು ಒಪ್ಪುತ್ತದೆ. ರೂಪದಲ್ಲಿ ಮರ್ಸಿಡಿಸ್‌ನ ನೆರಳು ಎದ್ದು ಕಾಣುತ್ತದೆ. ಸ್ಪೀಡೋಮೀಟರಿನ ಹೊಳೆಯುವ ಮುಳ್ಳುಗಳು ವಯಸ್ಸಾದಂತೆ ಆರಿಹೋಗುತ್ತವೆ, ಅವನ್ನು ಸರಿಪಡಿಸಬಲ್ಲವರು ಕಡಿಮೆ. ಆದರೂ ಬಾಳಿಕೆಯ ವಿಷಯದಲ್ಲಿ ಇದಕ್ಕೆ ಸಾಟಿ ನನಗೆ ಕಂಡಿಲ್ಲ. ಅಮೆರಿಕದ ಪತ್ರಕರ್ತ ಮ್ಯಾಟ್ ಫರಾ ಅವರ 1996ರ ಎಲ್‌ಎಸ್ 400 ಹತ್ತು ಲಕ್ಷ ಮೈಲಿ, ಅಂದರೆ 16 ಲಕ್ಷ ಕಿಲೋಮೀಟರ್ ದಾಟಿತು.

ಊರಿನ ಗೆಳೆಯರು ಇಂಥದ್ದು ಅಲ್ಲಿ ಸಿಗುವುದೇ ಎಂದು ಕೇಳುತ್ತಿರುತ್ತಾರೆ. ಲೆಕ್ಸಸ್ ಭಾರತಕ್ಕೆ ಅಧಿಕೃತವಾಗಿ ಬಂದದ್ದೇ 2017ರಲ್ಲಿ, ಎಲ್‌ಎಸ್ 400ರ ಕಾಲ ಮುಗಿದು ಹದಿನೇಳು ವರ್ಷಗಳಾದ ಮೇಲೆ. 2020ರಿಂದ ಇಎಸ್ 300ಎಚ್ ಕಾರು ನಮ್ಮ ಬಿಡದಿಯಲ್ಲೇ ಜೋಡಣೆಯಾಗಿದೆ, ಅದು ಬೇರೆಯದೇ ಕಾರು. ಅಮೆರಿಕ, ಬ್ರಿಟನ್, ನ್ಯೂಜಿಲೆಂಡ್‌ನಲ್ಲಿರುವ ಕನ್ನಡಿಗರಿಗೆ ಇದು ಅಥವಾ ಇದರ ಜಪಾನಿ ಅವತಾರವಾದ ಸೆಲ್ಸಿಯರ್ ಈಗಲೂ ಸಿಗುತ್ತದೆ. ನೋಡಲು ಹೋದಾಗ ಎಂಜಿನ್ ತಣ್ಣಗಿರಲೆಂದು ಮೊದಲೇ ಹೇಳಿಡಿ. ಚಾವಿ ತಿರುಗಿಸಿದಾಗ ಸ್ಟಾರ್ಟರ್ ಬರೀ ಟಿಕ್ ಎನ್ನುತ್ತದೆಯೇ ಕೇಳಿ. ಬ್ರೇಕ್ ತುಳಿದು ಡ್ರೈವ್‌ಗೆ ಹಾಕಿ ನಿಲ್ಲಿಸಿ, ಸೀಟಿನಲ್ಲಿ ನಡುಕ ಬಂದರೆ ಎಂಜಿನ್ ಕೂರುವ ದ್ರವ ತುಂಬಿದ ಆಸರೆಗಳು, ಅಂದರೆ ಮೌಂಟ್‌ಗಳು ಕುಸಿದಿವೆ. ಬೆಲ್ಟ್ ಬದಲಿಸಿದ ದಾಖಲೆ ಇಲ್ಲದಿದ್ದರೆ ಬದಲಿಸಿಲ್ಲವೆಂದೇ ಲೆಕ್ಕ ಹಾಕಿ ಬೆಲೆ ಕೇಳಿ.

ನನ್ನ ಕಾರಿನಲ್ಲೂ ಈಗ ಆ ಮೌಂಟ್‌ಗಳದ್ದೇ ಸರದಿ. ಸಿಗ್ನಲ್‌ನಲ್ಲಿ ನಿಂತಾಗ ಕನ್ನಡಿಯ ಅಂಚು ಬಹಳ ಸಣ್ಣಗೆ ಮಸುಕಾಗುತ್ತಿದೆ. ಮೂಲ ತಯಾರಕರ ಮೌಂಟ್‌ಗಳು ಬಂದಿವೆ, ಎಂಜಿನ್ ಎತ್ತಿಹಿಡಿಯಲು ಅಡ್ಡತೊಲೆ ಗೆಳೆಯನ ಮನೆಯಿಂದ ತರಬೇಕು. ಈ ವಾರಾಂತ್ಯ ಮಳೆಯಿಲ್ಲದಿದ್ದರೆ ಶುರು ಮಾಡುತ್ತೇನೆ.