ಬಹು ಬ್ಯಾಂಡ್ ಚಿತ್ರವನ್ನು ಕೋಡ್‌ನಲ್ಲಿ ಓದಿ ಬರೆಯುವುದು ಹೇಗೆ?

ಮೊಬೈಲ್ ಫೋಟೊದಲ್ಲಿ ಕೆಂಪು, ಹಸಿರು, ನೀಲಿ ಎಂಬ ಮೂರು ಪದರಗಳಿದ್ದರೆ, ಸೆಂಟಿನೆಲ್-2 ಉಪಗ್ರಹದ ಉಪಕರಣ ಅದೇ ನೆಲವನ್ನು 13 ಬ್ಯಾಂಡ್‌ಗಳಲ್ಲಿ ದಾಖಲಿಸುತ್ತದೆ. ಬೇಕಾದ ಬ್ಯಾಂಡ್‌ಗಳನ್ನು ಒಂದೇ ಜಿಯೊಟಿಫ್ (ನೆಲದ ನಿರ್ದೇಶಾಂಕಗಳನ್ನೂ ಹೊತ್ತ ಚಿತ್ರ) ಫೈಲಿನಲ್ಲಿ ಜೋಡಿಸಿಟ್ಟುಕೊಂಡು, ಪೈಥಾನ್‌ನ ರಾಸ್ಟೀರಿಯೊ ಲೈಬ್ರರಿಯಿಂದ ತೆರೆಯುವುದು ರೂಢಿ. ನೀಲಿ, ಹಸಿರು, ಕೆಂಪು, ಅವಕೆಂಪು (ಇನ್‌ಫ್ರಾರೆಡ್) ಎಂಬ ಕ್ರಮದ ನಾಲ್ಕು ಬ್ಯಾಂಡ್‌ಗಳ ಫೈಲಿನಿಂದ, ನೆಲದ ಹಸಿರನ್ನು ಅಳೆಯುವ ಸಸ್ಯ ಸೂಚ್ಯಂಕ ತಯಾರಿಸುವುದನ್ನು ಇಲ್ಲಿ ನೋಡೋಣ.

ಫೈಲ್ ತೆರೆದ ಕೂಡಲೇ ಅಂಕಿಗಳಿಗೆ ಕೈಹಾಕದೆ, ಮೊದಲು ಬ್ಯಾಂಡ್‌ಗಳ ಸಂಖ್ಯೆ, ದತ್ತಾಂಶದ ಬಗೆ, ನಿರ್ದೇಶಾಂಕ ವ್ಯವಸ್ಥೆ ಮತ್ತು ‘ನೋಡೇಟಾ’ ಮೌಲ್ಯವನ್ನು (ದತ್ತಾಂಶವಿಲ್ಲದ ಪಿಕ್ಸೆಲ್ ಅನ್ನು ಗುರುತಿಸುವ ಅಂಕಿ) ಮುದ್ರಿಸಿ ನೋಡಬೇಕು.

ಓದುವಾಗ ಎಣಿಕೆಯ ಬಗ್ಗೆ ಎಚ್ಚರವಿರಲಿ. ರಾಸ್ಟೀರಿಯೊ ಬ್ಯಾಂಡ್‌ಗಳನ್ನು 1ರಿಂದ ಎಣಿಸುತ್ತದೆ, ಓದಿದ ಅಂಕಿಗಳು ಕೂರುವ ಪೈಥಾನ್‌ನ ನಮ್‌ಪೈ ಅರೇ (ಅಂಕಿಗಳ ಕೋಷ್ಟಕ) 0ಯಿಂದ ಎಣಿಸುತ್ತದೆ. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಓದಿ ಅರೇಯ 3ನೆಯ ಸೂಚಿಯನ್ನು ಕೇಳಿದರೆ ಕೆಂಪಿನ ಬದಲು ಅವಕೆಂಪು ಬರುತ್ತದೆ, ಯಾವ ದೋಷ ಸಂದೇಶವೂ ಕಾಣಿಸುವುದಿಲ್ಲ. ಅರೇಯ ಕ್ರಮ ಬ್ಯಾಂಡ್, ಸಾಲು, ಕಂಬ ಎಂದಿರುತ್ತದೆ. ಚಿತ್ರ ತೋರಿಸುವ ಲೈಬ್ರರಿಗಳು ಬ್ಯಾಂಡನ್ನು ಕೊನೆಯಲ್ಲಿ ಬಯಸುವುದರಿಂದ, ಈ ಕ್ರಮವನ್ನು ಬದಲಿಸುವ ‘ಟ್ರಾನ್ಸ್‌ಪೋಸ್’ ಬಳಸಿ. ‘ರೀಶೇಪ್’ ಬಳಸಿದರೆ ಪಿಕ್ಸೆಲ್‌ಗಳು ಕಲಸಿಹೋಗುತ್ತವೆ.

ನನ್ನ ಮಟ್ಟಿಗೆ ಅತ್ಯಂತ ಅಪಾಯಕಾರಿಯಾದದ್ದು ಲೆಕ್ಕದ ಹಂತವೇ. ಅವಕೆಂಪಿನಿಂದ ಕೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸುವುದು ಸೂತ್ರ. ನೀರಿನ ಮೇಲಿನ ಒಂದು ಪಿಕ್ಸೆಲ್‌ನಲ್ಲಿ ಅವಕೆಂಪು 500, ಕೆಂಪು 800 ಇದೆಯೆನ್ನಿ. ಉತ್ತರ ಸುಮಾರು −0.23 ಆಗಬೇಕು. ಆದರೆ ಬ್ಯಾಂಡ್‌ಗಳ ಅಂಕಿಗಳು ಸಾಮಾನ್ಯವಾಗಿ ಚಿಹ್ನೆಯಿಲ್ಲದ 16 ಬಿಟ್ ಪೂರ್ಣಾಂಕಗಳು (0ಯಿಂದ 65535ರವರೆಗೆ), ಅವುಗಳಿಗೆ ಋಣ ಸಂಖ್ಯೆ ಗೊತ್ತಿಲ್ಲ. −300 ಆಗಬೇಕಾದದ್ದು ಸುತ್ತಿಬಂದು 65236 ಆಗುತ್ತದೆ, ಸೂಚ್ಯಂಕ 50 ದಾಟುತ್ತದೆ. ಆದ್ದರಿಂದ ಕಳೆಯುವ ಮೊದಲೇ ಎರಡೂ ಬ್ಯಾಂಡ್‌ಗಳನ್ನು ‘ಫ್ಲೋಟ್32’ ಎಂಬ ದಶಮಾಂಶ ಸಂಖ್ಯೆಯ ಬಗೆಗೆ ಬದಲಿಸಿಕೊಳ್ಳಬೇಕು. ಕಳೆದ ಮೇಲೆ ಬದಲಿಸಿದರೆ ಪ್ರಯೋಜನವಿಲ್ಲ.

ಬರೆಯುವಾಗ ಮೂಲ ಫೈಲಿನ ‘ಪ್ರೊಫೈಲ್’ ಅನ್ನು (ಫೈಲಿನ ವಿವರಗಳ ಪಟ್ಟಿ) ನಕಲಿಸಿಕೊಂಡರೆ ನಿರ್ದೇಶಾಂಕಗಳು ಉಳಿಯುತ್ತವೆ. ಅದರಲ್ಲಿ ಬ್ಯಾಂಡ್ ಸಂಖ್ಯೆಯನ್ನು 1ಕ್ಕೆ, ಬಗೆಯನ್ನು ‘ಫ್ಲೋಟ್32’ಕ್ಕೆ, ನೋಡೇಟಾವನ್ನು −9999ಕ್ಕೆ ಬದಲಿಸಿ, ಮೂಲದಲ್ಲಿ ದತ್ತಾಂಶವಿಲ್ಲದ ಪಿಕ್ಸೆಲ್‌ಗಳಿಗೂ ಅದೇ −9999 ತುಂಬಬೇಕು. ಹಳೆಯ ನೋಡೇಟಾ 0 ಹಾಗೆಯೇ ಉಳಿದರೆ, ಸೂಚ್ಯಂಕ ನಿಜವಾಗಿ ಸೊನ್ನೆಯಿರುವ ಜಾಗವೂ ಖಾಲಿಯೆಂದು ಪರಿಗಣಿತವಾಗುತ್ತದೆ. ‘ವಿತ್’ ಬ್ಲಾಕ್‌ನ ಒಳಗೇ ಬರೆದರೆ ಫೈಲ್ ಸರಿಯಾಗಿ ಮುಚ್ಚಿಕೊಳ್ಳುತ್ತದೆ. ಮೆಮೊರಿಗೆ ಹಿಡಿಸದಷ್ಟು ದೊಡ್ಡ ಚಿತ್ರವಾದರೆ ಇದೇ ಕೆಲಸವನ್ನು ‘ವಿಂಡೊ’ಗಳಾಗಿ, ತುಂಡು ತುಂಡಾಗಿ ಮಾಡಬಹುದು.

ಕೊನೆಯಲ್ಲಿ ಹೊಸ ಫೈಲನ್ನು ಮತ್ತೆ ತೆರೆದು, ನೀರಿನ ಮೇಲಿನ ಒಂದು ಪಿಕ್ಸೆಲ್ ಆರಿಸಿ, ಅದರ ಮೌಲ್ಯವನ್ನು ಕೈಲೆಕ್ಕದೊಂದಿಗೆ ತಾಳೆ ನೋಡಿ.