ಮಕ್ಕಳ ಜೊತೆ ವಿದೇಶಕ್ಕೆ ಹೊರಟಿರಾ? ಮಿಲಿಟರಿ ಪಿಂಚಣಿ ನಿಲ್ಲದಂತೆ ನೋಡಿಕೊಳ್ಳುವುದು ಹೀಗೆ

1965ರ ಯುದ್ಧದ ಹೊತ್ತಿಗೆ ಇಪ್ಪತ್ತರ ಆಸುಪಾಸಿನಲ್ಲಿದ್ದ ಜವಾನರಿಗೆ ಈಗ ಎಂಬತ್ತು. ನಿವೃತ್ತರಾಗಿ ಊರಿಗೆ ಬಂದು ಹೊಲ-ತೋಟ ನೋಡಿಕೊಂಡಿದ್ದವರನ್ನು ಮಗನೋ ಮಗಳೋ ಡಲ್ಲಾಸ್‌ಗೋ ಮೆಲ್ಬರ್ನ್‌ಗೋ ಕರೆಸಿಕೊಳ್ಳುತ್ತಾರೆ. ಆಗ ಬರುವ ಮೊದಲ ಚಿಂತೆ: 'ಅಲ್ಲಿಗೆ ಹೋದ್ರೆ ಪೆನ್ಷನ್ ನಿಂತು ಹೋಗುತ್ತಾ?'

ಮನೆ ವಿದೇಶದಲ್ಲಿದೆ ಅನ್ನುವ ಒಂದೇ ಕಾರಣಕ್ಕೆ ನಿಲ್ಲುವುದಿಲ್ಲ. ನಿಲ್ಲುವುದು ಸಣ್ಣಪುಟ್ಟ ಕಾರಣಗಳಿಗೆ. ಸಿಮ್ ಬಂದ್ ಆಗಿರುತ್ತದೆ. ಹೆಸರಿನ ಅಕ್ಷರ ತಾಳೆಯಾಗಿರುವುದಿಲ್ಲ. ಲೈಫ್ ಸರ್ಟಿಫಿಕೇಟ್ ತಲುಪಿರುವುದಿಲ್ಲ. ಇದರಲ್ಲಿ ಹೆಚ್ಚಿನದನ್ನು ವಿಮಾನ ಹತ್ತುವ ಮೊದಲೇ ಸರಿ ಮಾಡಿಕೊಳ್ಳಬಹುದು.

ಊರಲ್ಲಿರುವಾಗಲೇ ಮಾಡಬೇಕಾದ್ದು

ಮಾಜಿ ಸೈನಿಕರ ಪಿಂಚಣಿಯನ್ನು ಈಗ ನೋಡಿಕೊಳ್ಳುವುದು 'ಸ್ಪರ್ಶ್' ಎಂಬ ಆನ್‌ಲೈನ್ ವ್ಯವಸ್ಥೆ. ಇದನ್ನು ನಡೆಸುವುದು ಪ್ರಯಾಗ್‌ರಾಜ್‌ನಲ್ಲಿರುವ ರಕ್ಷಣಾ ಲೆಕ್ಕಪತ್ರ ಇಲಾಖೆಯ ಪಿಂಚಣಿ ಕಚೇರಿ. ಸ್ಪರ್ಶ್‌ಗೆ ಸೇರಿದವರ ಮಟ್ಟಿಗೆ ಬ್ಯಾಂಕಿನದು ಹಣ ಬಂದು ಬೀಳುವ ಖಾತೆಯಷ್ಟೇ. ಹಾಗಾಗಿ ಪಿಂಚಣಿ ತಪ್ಪಿದರೆ ಮ್ಯಾನೇಜರ್ ಜೊತೆ ಜಗಳವಾಡಿ ಪ್ರಯೋಜನವಿಲ್ಲ.

ಸ್ಪರ್ಶ್‌ಗೆ ಲಾಗಿನ್ ಆಗಿ ಪ್ರೊಫೈಲ್ ತೆಗೆಯಿರಿ. ನಿಮ್ಮ ಹುಟ್ಟಿದ ದಿನಾಂಕ, ಹೆಂಡತಿಯ ಹೆಸರು, ಅವರ ಹುಟ್ಟಿದ ದಿನಾಂಕ, ಆಧಾರ್, ಮೊಬೈಲ್, ಇಮೇಲ್ ಎಲ್ಲವನ್ನೂ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ನೋಡಿ. ಹಳೇ ಪಿಪಿಒಗಳಲ್ಲಿ (ಪಿಂಚಣಿ ಮಂಜೂರಾದಾಗ ಕೊಡುವ ಆದೇಶಪತ್ರ) ಹುಟ್ಟಿದ ದಿನಾಂಕವೇ ಇಲ್ಲದಿರುವುದುಂಟು. ಹೆಂಡತಿಯ ಹೆಸರಂತೂ ದೊಡ್ಡ ತಲೆನೋವು. ಮದುವೆಯಾದಾಗ ಯೂನಿಟ್‌ನಲ್ಲಿ 'ಪಾರ್ವತವ್ವ' ಎಂದು ಬರೆಸಿರುತ್ತಾರೆ, ಆಧಾರ್‌ನಲ್ಲಿ 'ಪಾರ್ವತಿ', ಪಾಸ್‌ಪೋರ್ಟ್‌ನಲ್ಲಿ ಗಂಡನ ಹೆಸರೂ ಸೇರಿ ಇನ್ನೇನೋ. ಮುಂದೆ ಕುಟುಂಬ ಪಿಂಚಣಿಗೆ ಅರ್ಜಿ ಹಾಕುವಾಗ ಇದೇ ಅಡ್ಡ ಬರುತ್ತದೆ. ತಿದ್ದಿಸಲು ನಿಮ್ಮ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆಯಬೇಕು. ಮರಾಠಾ ಲೈಟ್ ಇನ್‌ಫೆಂಟ್ರಿಯವರಿಗೆ ಅದು ಬೆಳಗಾವಿಯಲ್ಲಿದೆ, ಎಂಇಜಿಯವರಿಗೆ (ಮದ್ರಾಸ್ ಎಂಜಿನಿಯರ್ ಗ್ರೂಪ್) ಬೆಂಗಳೂರಿನಲ್ಲಿ. ಅರ್ಜಿ ಬರೆಯುವುದೇ ಕಷ್ಟ ಅನ್ನಿಸಿದರೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ನೆರವು ಕೇಳಿ.

ಮೊಬೈಲ್ ನಂಬರ್ ವಿಷಯದಲ್ಲಿ ಉಳಿತಾಯ ಬೇಡ. ಒಟಿಪಿ ಬರುವುದು ಅದಕ್ಕೇ. ರೋಮಿಂಗ್ ಹಾಕಿಸಿ, ರೀಚಾರ್ಜ್ ನಿಲ್ಲಿಸಬೇಡಿ.

ಆರು ತಿಂಗಳಿದ್ದು ವಾಪಸ್ ಬರುವವರಿಗೆ ಈಗಿರುವ ಖಾತೆ ಸಾಕು. ಅಲ್ಲೇ ನೆಲೆಸುವವರು ಮಾತ್ರ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ (ವಿದೇಶದಲ್ಲಿ ನೆಲೆಸಿದವರು ಭಾರತದಲ್ಲಿ ಇಟ್ಟುಕೊಳ್ಳುವ ರೂಪಾಯಿ ಖಾತೆ) ಬದಲಿಸಬೇಕು, ಇದು ವಿದೇಶಿ ವಿನಿಮಯದ ಫೆಮಾ ಕಾನೂನಿನ ನಿಯಮ. ಪಿಂಚಣಿ ಎನ್‌ಆರ್‌ಒಗೆ ಬರಬಹುದು. ತೆರಿಗೆ ಕಳೆದು ಉಳಿದದ್ದನ್ನು ಅಲ್ಲಿಗೆ ತರಿಸಿಕೊಳ್ಳಲೂಬಹುದು. ಖಾತೆ ಹೆಂಡತಿಯ ಜೊತೆ ಜಂಟಿಯಾಗಿರಲಿ.

ಲೈಫ್ ಸರ್ಟಿಫಿಕೇಟ್: ಮೂರು ದಾರಿ

ವರ್ಷಕ್ಕೊಮ್ಮೆ 'ನಾನು ಬದುಕಿದ್ದೇನೆ' ಎಂದು ತೋರಿಸಲೇಬೇಕು. ಸಾಮಾನ್ಯವಾಗಿ ಇದು ನವೆಂಬರ್ ಕೆಲಸ. 80 ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಅವಕಾಶವಿದೆ. ಇದಕ್ಕಾಗಿ ಊರಿಗೆ ಬರುವ ಅಗತ್ಯವಿಲ್ಲ. ಟಿಕೆಟ್ ಹಣ ಉಳಿಸಿ.

ಸುಲಭದ್ದು ಜೀವನ್ ಪ್ರಮಾಣ್, ಅಂದರೆ ಆಧಾರ್ ಮೂಲಕ ಆನ್‌ಲೈನ್‌ನಲ್ಲೇ ಮಾಡುವ ಲೈಫ್ ಸರ್ಟಿಫಿಕೇಟ್. 2014ರಲ್ಲಿ ಶುರುವಾದಾಗ ಬೆರಳಚ್ಚಿನ ಯಂತ್ರ ಬೇಕಿತ್ತು. ದುಡಿದು ಸವೆದ ಬೆರಳುಗಳನ್ನು ಅದು ಗುರುತಿಸುತ್ತಲೇ ಇರಲಿಲ್ಲ. 2021ರಿಂದ ಮುಖ ತೋರಿಸಿದರೂ ಸಾಕು. ಮೊಬೈಲ್‌ನಲ್ಲಿ 'ಆಧಾರ್ ಫೇಸ್ ಆರ್‌ಡಿ' ಮತ್ತು 'ಜೀವನ್ ಪ್ರಮಾಣ್' ಎರಡೂ ಆ್ಯಪ್ ಇರಬೇಕು. ಮೊದಲು ಆಪರೇಟರ್, ಅಂದರೆ ಆ್ಯಪ್ ನಡೆಸುವವರು ಯಾರು ಎಂದು ಕೇಳುತ್ತದೆ, ಅವರ ಆಧಾರ್ ಬೇಕು. ಮಗನ ಬಳಿ ಆಧಾರ್ ಇಲ್ಲದಿದ್ದರೆ ಗಾಬರಿ ಬೇಡ, ನೀವೇ ಆಪರೇಟರ್ ಆಗಬಹುದು. ಕಿಟಕಿಗೆ ಬೆನ್ನು ಹಾಕಿ ಕೂರಬೇಡಿ, ಮುಖದ ಮೇಲೆ ಬೆಳಕು ಬೀಳಲಿ. ಕನ್ನಡಕ ತೆಗೆದು, ಕಣ್ಣು ಮಿಟುಕಿಸಿ ಅಂದಾಗ ಮಿಟುಕಿಸಿ.

ಜನ ಎಡವುವುದು ಇದಾದ ಮೇಲೆ. ಪಿಂಚಣಿ ಕೊಡುವವರು ಯಾರು ಎಂಬ ಕಡೆ ಅಭ್ಯಾಸಬಲದಿಂದ ಹಳೇ ಬ್ಯಾಂಕಿನ ಹೆಸರು ಒತ್ತಿಬಿಡುತ್ತಾರೆ. ಅಲ್ಲಿ ಸ್ಪರ್ಶ್ ಎಂದೇ ಆರಿಸಬೇಕು, ಪಿಪಿಒ ನಂಬರೂ ಸ್ಪರ್ಶ್ ಕೊಟ್ಟ ಹೊಸದೇ ಆಗಿರಬೇಕು. ಇಲ್ಲದಿದ್ದರೆ ಸರ್ಟಿಫಿಕೇಟ್ ಬೇರೆಲ್ಲೋ ಹೋಗಿ ಕೂರುತ್ತದೆ. ಕೊನೆಗೆ ಬರುವ ಪ್ರಮಾಣ್ ಐಡಿ ಬರೆದಿಟ್ಟುಕೊಳ್ಳಿ. ಕೆಲವು ದಿನ ಬಿಟ್ಟು ಒಪ್ಪಿಗೆಯಾಗಿದೆಯೇ ಎಂದು ಸ್ಪರ್ಶ್‌ನಲ್ಲಿ ನೋಡಿ. ಕಳಿಸಿದ ಮಾತ್ರಕ್ಕೆ ಮುಗಿಯಲಿಲ್ಲ.

ಆ್ಯಪ್ ಆಗದಿದ್ದರೆ ಭಾರತದ ರಾಯಭಾರ ಕಚೇರಿ, ಹೈಕಮಿಷನ್ ಅಥವಾ ಕಾನ್ಸುಲೇಟ್. ಪಾಸ್‌ಪೋರ್ಟ್, ಪಿಪಿಒ ತೋರಿಸಿ ಅಧಿಕಾರಿಯ ಸಹಿ ಹಾಕಿಸಿ, ಸ್ಕ್ಯಾನ್ ಮಾಡಿ ಸ್ಪರ್ಶ್‌ಗೆ ಏರಿಸಿ. ಅಮೆರಿಕದ ಕಾನ್ಸುಲೇಟ್‌ಗಳು ನವೆಂಬರ್ ಸುಮಾರಿಗೆ ಇದಕ್ಕೆಂದೇ ಶಿಬಿರ ನಡೆಸುವುದುಂಟು. ಓಡಾಡಲೇ ಆಗದವರು ವೈದ್ಯರ ಪತ್ರ ಲಗತ್ತಿಸಿ ಅಂಚೆಯಲ್ಲಿ ದಾಖಲೆ ಕಳಿಸಲೂ ಅವಕಾಶವಿದೆ.

ಅಕಸ್ಮಾತ್ ಗಡುವು ತಪ್ಪಿ ಪಿಂಚಣಿ ನಿಂತರೆ ಹಣ ಮುಳುಗಿತು ಅಂದುಕೊಳ್ಳಬೇಡಿ. ಸರ್ಟಿಫಿಕೇಟ್ ಸೇರಿದ ಮೇಲೆ ಬಾಕಿ ಸಮೇತ ಬರುತ್ತದೆ.

80 ತುಂಬಿತೇ? ಪಾಸ್‌ಬುಕ್ ನೋಡಿ

ಎಂಬತ್ತಾದವರಿಗೆ ಮೂಲ ಪಿಂಚಣಿಯ ಮೇಲೆ ಶೇ 20 ಜಾಸ್ತಿ. 85ಕ್ಕೆ ಶೇ 30, 90ಕ್ಕೆ ಶೇ 40, 95ಕ್ಕೆ ಶೇ 50, ನೂರಾದರೆ ಶೇ 100. ಮೂಲ ಪಿಂಚಣಿ 20,000 ರೂಪಾಯಿ ಇದ್ದರೆ 80ಕ್ಕೆ 4,000, 85ಕ್ಕೆ 6,000. ಇದರ ಮೇಲೂ ತುಟ್ಟಿಭತ್ಯೆ ಲೆಕ್ಕವಾಗುತ್ತದೆ. ವಯಸ್ಸು ತುಂಬುವ ತಿಂಗಳ ಮೊದಲ ದಿನದಿಂದಲೇ ಲೆಕ್ಕ. ವಿದೇಶದಲ್ಲಿದ್ದರೂ ಹಕ್ಕು ಅದೇ. ಕುಟುಂಬ ಪಿಂಚಣಿ ಪಡೆಯುವ ಅಜ್ಜಿಯರಿಗೂ ಇದೇ ಲೆಕ್ಕ, ಹಲವರಿಗೆ ಇದು ಗೊತ್ತೇ ಇರುವುದಿಲ್ಲ. ತಾನಾಗಿ ಬರಬೇಕು ನಿಜ. ಆದರೆ ದಾಖಲೆಯಲ್ಲಿ ಹುಟ್ಟಿದ ದಿನಾಂಕವೇ ಇಲ್ಲದಿದ್ದರೆ ಎಲ್ಲಿಂದ ಬರುತ್ತದೆ ಹೇಳಿ?

ಇನ್ನು ಮಾಜಿ ಸೈನಿಕರ ಆರೋಗ್ಯ ಯೋಜನೆಯ ಇಸಿಎಚ್‌ಎಸ್ ಕಾರ್ಡ್. ಅದನ್ನು ನಂಬಿ ವಿದೇಶದ ಆಸ್ಪತ್ರೆಗೆ ಹೋಗಬೇಡಿ. ಅಲ್ಲಿಗೆ ಬೇರೆ ವಿಮೆಯೇ ಬೇಕು. ಬೇರೆ ದೇಶದ ಪೌರತ್ವ ತೆಗೆದುಕೊಳ್ಳುವ ಯೋಚನೆಯಿದ್ದರೆ ಸಹಿ ಹಾಕುವ ಮೊದಲು ರೆಕಾರ್ಡ್ ಆಫೀಸಿಗೆ ಬರೆದು ಲಿಖಿತ ಉತ್ತರ ಪಡೆಯಿರಿ.

ಮಕ್ಕಳಿಗೆ ಒಂದು ಮಾತು. ಪಿಂಚಣಿದಾರರು ಅಲ್ಲೇ ತೀರಿಕೊಂಡರೆ ಸ್ಪರ್ಶ್‌ಗೆ ಬೇಗ ತಿಳಿಸಿ. ಆಮೇಲೆ ಬಂದ ಪಿಂಚಣಿ ಮುಟ್ಟಬೇಡಿ, ಹಿಂತಿರುಗಿಸಬೇಕಾಗುತ್ತದೆ. ಅಪ್ಪ ಭಾರತದ ಪ್ರಜೆಯಾಗಿದ್ದರೆ ಸ್ಥಳೀಯ ಮರಣ ಪ್ರಮಾಣಪತ್ರದ ಜೊತೆಗೆ ಅಲ್ಲಿನ ಭಾರತೀಯ ಕಚೇರಿಯಲ್ಲೂ ನೋಂದಣಿ ಮಾಡಿಸಿ. ಅಮ್ಮನ ಕುಟುಂಬ ಪಿಂಚಣಿಯ ಅರ್ಜಿಗೆ ಆ ಕಾಗದ, ಪಿಪಿಒ, ಆಧಾರ್, ಜಂಟಿ ಖಾತೆಯ ಪಾಸ್‌ಬುಕ್ ಒಂದೇ ಫೈಲಿನಲ್ಲಿ ಸಿಗುವಂತಿರಲಿ.