ಸ್ಲೀವ್ ಶಸ್ತ್ರಚಿಕಿತ್ಸೆಯ ನಂತರ ಬಸ್ ಪ್ರಯಾಣದ ಊಟ: ನನ್ನ ಅನುಭವ

ಜಠರವನ್ನು ಕಿರಿದುಗೊಳಿಸುವ ಸ್ಲೀವ್ ಶಸ್ತ್ರಚಿಕಿತ್ಸೆಯಾದ ಮೇಲೆ ಮನೆಯ ಊಟ ಬೇಗನೆ ಹದಕ್ಕೆ ಬಂತು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಹಗಲು ಬಸ್ಸಿನದ್ದೇ ತಲೆನೋವು. ಊಟಕ್ಕೆ ಬಸ್ ನಿಲ್ಲುವ ಅಷ್ಟು ಹೊತ್ತೂ ನನಗೆ ಒಂದೇ ಇಡ್ಲಿಯನ್ನು ನುಣ್ಣಗೆ ಅಗಿಯಲು ಬೇಕು. ಅವಸರ ಮಾಡಿದರೆ ಎದೆ ಹಿಡಿದಂತಾಗಿ ವಾಂತಿಯಾಗುತ್ತಿತ್ತು.

ಹೋಟೆಲನ್ನು ನೆಚ್ಚುವುದನ್ನೇ ಬಿಟ್ಟೆ, ತೊಂದರೆ ತಪ್ಪಿತು. ಈಗ ಸೀಟಿನಲ್ಲಿ ಕುಳಿತೇ ಎರಡು ಮೂರು ಗಂಟೆಗೊಮ್ಮೆ ನಿಧಾನವಾಗಿ ತಿನ್ನುತ್ತೇನೆ. ಬೇಯಿಸಿದ ಮೊಟ್ಟೆ ಸೆಕೆಗೆ ಕೆಡುವುದರಿಂದ ಅದಕ್ಕೇ ಮೊದಲ ಸರದಿ. ಒಂದರಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ. ಆಮೇಲಿನದ್ದು ನನ್ನ ಅಚ್ಚುಮೆಚ್ಚು: ಹುರಿಗಡಲೆಯನ್ನು ಜೀರಿಗೆ, ಉಪ್ಪಿನೊಂದಿಗೆ ನುಣ್ಣಗೆ ಪುಡಿ ಮಾಡಿ ಡಬ್ಬಿಯಲ್ಲಿ ಒಯ್ಯುತ್ತೇನೆ. ಬಸ್ ನಿಂತಲ್ಲಿ ತಣ್ಣನೆಯ ಸಪ್ಪೆ ಮೊಸರಿನ ಕಪ್ ಕೊಂಡು, ಎರಡು ಚಮಚ ಪುಡಿ ಹಾಕಿ ಗಂಟಿಲ್ಲದಂತೆ ಕಲಸಿದರೆ ಗಟ್ಟಿ ಅಂಬಲಿಯಂತಾಗುತ್ತದೆ. ಸಣ್ಣ ಚಮಚದಲ್ಲಿ ಅರ್ಧ ಗಂಟೆ ತಿನ್ನಬಹುದು, ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ.

ತಿನ್ನುವಾಗ ನೀರು ಮುಟ್ಟುವುದಿಲ್ಲ. ಮುಗಿಸಿ ಅರ್ಧ ಗಂಟೆ ಕಳೆದ ಮೇಲೆ ಗುಟುಕು ಗುಟುಕಾಗಿ ಕುಡಿಯುತ್ತೇನೆ. ಸೋಡಾ ಬೇಡವೇ ಬೇಡ. ಹುಬ್ಬಳ್ಳಿಯಲ್ಲಿ ಇಳಿದ ಕೂಡಲೇ ಅತ್ತಿಗೆ ಧಾರವಾಡ ಪೇಡೆ ಹಿಡಿದು ನಿಲ್ಲುತ್ತಾರೆ. ಖಾಲಿ ಹೊಟ್ಟೆಗೆ ಸಿಹಿ ಬಿದ್ದರೆ ನನಗೆ ಬೆವರು, ತಲೆಸುತ್ತು ಬರುತ್ತದೆ ಎಂದು ಅವರಿಗೆ ಮೊದಲೇ ಫೋನಿನಲ್ಲಿ ಹೇಳಿಬಿಡುತ್ತೇನೆ.